ಜಲಜ ಮಾತ್ರೆ ಉಗುಳಿರಲಿಲ್ಲ

ಜಲಜ, ನೀನು ಮಾತ್ರೆ ಉಗುಳಿರಲಿಲ್ಲ. ಒಂದನ್ನೂ ಉಗುಳಿರಲಿಲ್ಲ. ಅದು ನನಗೆ ಗೊತ್ತಿತ್ತು — ನಿನ್ನನ್ನು ಎಲ್ಲರೆದುರು ಸುಳ್ಳುಬುರುಕಿ ಮಾಡಿದ ದಿನವೂ ಗೊತ್ತಿತ್ತು, ಆಮೇಲೆ ಇಷ್ಟು ವರ್ಷ ನಿನ್ನ ಕಥೆಯನ್ನು ತರಬೇತಿಗಳಲ್ಲಿ ಹೇಳಿಕೊಂಡು ತಿರುಗುವಾಗಲೂ ಗೊತ್ತಿತ್ತು. ಸುಳ್ಳು ಹೇಳಿದವಳು ನಾನು.

ಇದನ್ನು ಓದುವವರಿಗೆ ನೀನೂ ಗೊತ್ತಿಲ್ಲ, ನಾನೂ ಗೊತ್ತಿಲ್ಲ. ಹೇಳಿಬಿಡುತ್ತೇನೆ. ಜಲಜ ಗೋಣಿಬೀಡಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕಿದ್ದವಳು. ಗಂಡ ಶೇಖರ ಮತ್ತು ಅತ್ತೆಯ ಜೊತೆ, ಆಳುಗಳಿಗೆಂದು ಅಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಯೊಂದರಲ್ಲಿ ಸಂಸಾರ. ನಾನು ವಸ್ತಾರೆ ಕಡೆಯವಳು, ನಮ್ಮದೂ ಒಂದಿಷ್ಟು ಕಾಫಿ ತೋಟವಿದೆ. ಓದಿದ್ದು ವರ್ತನಾ ವಿಜ್ಞಾನ. ಅಂದರೆ — ಒಳ್ಳೆಯದೆಂದು ಗೊತ್ತಿದ್ದರೂ ಜನ ಅದನ್ನು ಯಾಕೆ ಮಾಡುವುದಿಲ್ಲ, ಮಾಡುವಂತೆ ಅವರನ್ನು ಒಲಿಸುವುದು ಹೇಗೆ ಎಂಬ ವಿದ್ಯೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ಆ ಹಲ್ಲಿ ನಾನೇ.

ಎಸ್ಟೇಟ್ ಹೆಂಗಸರಿಗೆ ರಕ್ತ ಕಮ್ಮಿ. ಆರೋಗ್ಯ ಕೇಂದ್ರದಿಂದ ಕಬ್ಬಿಣದ ಮಾತ್ರೆ ಬರುತ್ತದೆ, ಹೆಂಗಸರು ಬೇಡವೆನ್ನದೆ ಈಸಿಕೊಳ್ಳುತ್ತಾರೆ, ಅದು ಗೋಡೆಯ ಗೂಡಿನಲ್ಲಿ ತಣ್ಣಗೆ ಕೂತಿರುತ್ತದೆ. ವಾಕರಿಕೆ, ಕೆಟ್ಟ ರುಚಿ, ಮರೆವು — ಕಾರಣಕ್ಕೇನು ಬರವೇ? ಅದನ್ನು ನುಂಗಿಸುವ ಉಪಾಯ ಹುಡುಕಲು ನಾನಿದ್ದ ಸಂಸ್ಥೆ ನನ್ನನ್ನು ಕಳಿಸಿತ್ತು. ನಮ್ಮ ವಿದ್ಯೆ ಹೇಳುವುದು ಇಷ್ಟೇ: ಹೊಸ ಅಭ್ಯಾಸವನ್ನು ಒಂಟಿಯಾಗಿ ಬಿಡಬೇಡ, ಹಳೆಯ ಅಭ್ಯಾಸದ ಬಾಲಕ್ಕೆ ಕಟ್ಟು.

ಹಳೆಯ ಅಭ್ಯಾಸ ಕಣ್ಣೆದುರಿಗೇ ಇತ್ತು. ಬೆಳಗಿನ ಮಸ್ಟರ್. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಆಳುಗಳೆಲ್ಲ ಸೇರುತ್ತಾರೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹಾಜರಿ ಕೂಗುತ್ತಾರೆ. ಯಾರು ಯಾವ ಕಡೆ ಹೋಗಬೇಕೆಂದು ಮೇಸ್ತ್ರಿ ಹೇಳುತ್ತಾನೆ. ಹೊರಡುವ ಮೊದಲು ಎಲ್ಲರಿಗೂ ಒಂದೊಂದು ಲೋಟ ಬೆಲ್ಲದ ಕಾಫಿ. ಆ ಕಾಫಿಯನ್ನು ಬಿಟ್ಟು ತೋಟಕ್ಕೆ ಇಳಿದವರನ್ನು ನಾನು ನೋಡಿಲ್ಲ. ಹೆಸರು ಕೂಗಿದ ಕೂಡಲೇ ಬಾಯಿಗೆ ಮಾತ್ರೆ, ಅದರ ಮೇಲೆ ಕಾಫಿ — ಎಂದು ನಾನು ಏರ್ಪಾಡು ಮಾಡಿದೆ. ಎಲ್ಲರೂ ನೋಡುತ್ತಿರುವುದರಿಂದ ಎಲ್ಲರೂ ನುಂಗುತ್ತಾರೆ. ಬೆಲ್ಲದ ಸಿಹಿಯಲ್ಲಿ ಕಬ್ಬಿಣದ ರುಚಿಯೂ ಅಡಗುತ್ತದೆ.

ಗೆದ್ದಿತು. ಬೇರೆ ತಾಲ್ಲೂಕುಗಳಿಂದ ಜನ ಬಂದು ನೋಡಿ ಹೋದರು. ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿದೆ, ಸುಳ್ಳೇಕೆ ಹೇಳಲಿ.

ಆದರೆ ನಮ್ಮಮ್ಮ — ನಾನು ಕಾಲೇಜಿನಲ್ಲಿರುವಾಗ ಅಮ್ಮನಿಗೂ ಇದೇ ಮಾತ್ರೆ ಕೊಟ್ಟಿದ್ದರು. ಚಿಕ್ಕಮಗಳೂರಿನ ಡಾಕ್ಟರು ಬೆರಳು ಎತ್ತಿ ಹೇಳಿದ್ದು ಈಗಲೂ ಕಿವಿಯಲ್ಲಿದೆ: "ಇದನ್ನ ತಗೊಂಡು ಕಾಫಿ ಕುಡಿದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಮ್ಮಾ. ಕಾಫಿ ಕಬ್ಬಿಣನ ಮೈಗೆ ಹತ್ತೋಕೆ ಬಿಡಲ್ಲ. ನಿಂಬೆಹಣ್ಣಿನ ಪಾನಕದಲ್ಲಿ ನುಂಗಿ, ಕಾಫಿ ಆಮೇಲೆ ಯಾವಾಗಾದ್ರೂ ಕುಡೀರಿ." ಕಾಫಿ ಬೆಳೆಯುವವರ ಮನೆಯ ಹೆಂಗಸಿಗೆ ಅದೆಂಥ ಶಿಕ್ಷೆ! ಅಮ್ಮ ಗೊಣಗುತ್ತಿದ್ದಳು, ನಾನು ನಿಂಬೆಹಣ್ಣು ಹಿಂಡಿಕೊಟ್ಟು, ಕಾಫಿಪಾತ್ರೆಯ ಹತ್ತಿರ ಪೊಲೀಸಿನವಳಂತೆ ನಿಲ್ಲುತ್ತಿದ್ದೆ.

ಹಾಗಾಗಿ, ಗೊತ್ತಿರಲಿಲ್ಲ ಎನ್ನುವ ಬಾಗಿಲು ನನಗಿಲ್ಲ. ಉಪಾಯ ಹೊಳೆದ ದಿನವೇ ಅಮ್ಮನ ಪಾನಕದ ಲೋಟ ನೆನಪಿಗೆ ಬಂದಿತ್ತು. ಚಳಿಯಲ್ಲಿ ನಡುಗುತ್ತ ನಿಂತವರಿಗೆ ಪಾನಕ ಕೊಟ್ಟರೆ ಯಾರು ಕುಡಿಯುತ್ತಾರೆ? ನುಂಗದೆ ಇರುವುದಕ್ಕಿಂತ ಅಷ್ಟಿಷ್ಟು ಹತ್ತಿದರೂ ಲಾಭವಲ್ಲವೇ? — ಹೀಗೆ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನನ್ನ ಉಪಾಯ ಗೆಲ್ಲಬೇಕಿತ್ತು, ಅಷ್ಟೇ. ಸಂಸ್ಥೆಯಲ್ಲಿ ಯಾರಿಗೂ ಈ ಮಾತು ಎತ್ತಲಿಲ್ಲ.

ಕೇಳಿದವಳು ನೀನೊಬ್ಬಳೇ. ಆಗ ನೀನು ಬಸುರಿ. ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು, ಸಂಕೋಚದಿಂದ, "ಅಕ್ಕ, ನಮ್ಮ ತವರಲ್ಲಿ ಕಾಫಿ ಜೊತೆ ತಗೋಬಾರ್ದು ಅಂತಿದ್ರು. ಏನೂ ಆಗಲ್ವಾ?" ಎಂದೆ. ನಿನ್ನ ಹಿಂದೆ ಸಾಲು ನಿಂತಿತ್ತು. "ಬೇಗ ಮಾರಾಯ್ತಿ, ಹೊತ್ತಾತು" ಎಂದು ಮೇಸ್ತ್ರಿ ಕೂಗಿದ. ನಿಜ ಹೇಳಿದರೆ ಇಡೀ ಸಾಲು ಲೋಟ ಕೆಳಗಿಡುತ್ತಿತ್ತು.

"ಏನೂ ಆಗಲ್ಲ, ನುಂಗು. ನಾನು ಓದಿರೋದೇ ಅದು ಅಲ್ವಾ?" ಎಂದೆ.

ನೀನು ನಕ್ಕೆ. ನುಂಗಿದೆ. ಆಮೇಲೆ ದಿನವೂ ನುಂಗಿದೆ, ನಾನು ಬಂದಾಗೆಲ್ಲ ನನ್ನ ಮುಖ ನೋಡಿಕೊಂಡೇ ನುಂಗಿದೆ.

ಹೆರಿಗೆ ಹತ್ತಿರ ಬಂದಾಗ ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ಅದೇ ಕಣದಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿದರು. ಉಳಿದ ಹೆಂಗಸರ ರಕ್ತವೂ ಅಷ್ಟೇನೂ ಏರಿರಲಿಲ್ಲ, ನನಗೆ ಅದು ಕಂಡಿತ್ತು. ನಿನ್ನದು ಮಾತ್ರ ಇಳಿದೇ ಹೋಗಿತ್ತು. ಸಿಸ್ಟರ್‌ಗೆ ಗಾಬರಿ, ಗಾಬರಿಯಲ್ಲಿ ಸಿಟ್ಟು. "ಇಷ್ಟು ದಿನ ನುಂಗಿದೋಳಿಗೆ ಇಷ್ಟೇ ರಕ್ತಾನಾ? ಎಲ್ಲಿ ಉಗುಳ್ತಿದ್ದೆ ಹೇಳು." ನಿನ್ನ ಅತ್ತೆ ಪಕ್ಕದಿಂದಲೇ, "ಗಿಡದ ಬುಡಕ್ಕೆ ಹಾಕಿರ್ತಾಳೆ, ಮತ್ತೆಲ್ಲಿಗೆ?" ಎಂದರು. ನೀನು ದೇವರಾಣೆ ಹಾಕಿದೆ. ಯಾರೂ ನಂಬದಿದ್ದಾಗ, ಪಾಪ, ಇದ್ದ ಒಂದೇ ಸಾಕ್ಷಿಯನ್ನು ಬಾಯಿಬಿಟ್ಟು ಹೇಳಿದೆ: "ನುಂಗಿದೀನಿ ಸಿಸ್ಟರ್. ಕಪ್ಪಗೇ ಹೋಗ್ತಿತ್ತಲ್ಲ..." ಗಂಡಸರು ನಕ್ಕರು. ಮೇಸ್ತ್ರಿ ನಕ್ಕ, ರೈಟರು ನಕ್ಕರು. ಶೇಖರ ತಲೆ ತಗ್ಗಿಸಿ ನಿಂತ. ನೀನು ನನ್ನ ಕಡೆ ತಿರುಗಿದೆ.

"ಅಕ್ಕ, ನೀವು ನೋಡಿದೀರಲ್ವಾ? ನೀವಾದ್ರೂ ಹೇಳಿ."

ನಾನು ನಿನ್ನ ಮುಖ ನೋಡಲಿಲ್ಲ. ಸಿಸ್ಟರ್‌ಗೆ ಹೇಳಿದೆ: "ಜನ ನುಂಗ್ತೀವಿ ಅಂತಾರೆ ಸಿಸ್ಟರ್. ಹೇಳೋದು ಒಂದು, ಮಾಡೋದು ಒಂದು. ಇದು ಎಲ್ಲಾ ಕಡೆ ಇರೋದೇ."

ನೋಡು, ಎಷ್ಟು ನಾಜೂಕು! ಜಲಜ ಉಗುಳಿದಳು ಎಂದು ನಾನು ಹೇಳಲೇ ಇಲ್ಲ. 'ಜನ' ಎಂದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ — ಮುರಿದದ್ದು ನಿನ್ನ ಮರ್ಯಾದೆ ಮಾತ್ರ.

ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಮೂಡಿಗೆರೆಯಿಂದ ಹಾಸನಕ್ಕೆ ಒಯ್ದರು. ಯಾರು ಯಾರದೋ ರಕ್ತ ನಿನ್ನ ಮೈ ಸೇರಿ ನೀನು ಉಳಿದೆ. ಮಗಳೂ ಉಳಿದಳು. ಕಾಫಿಯೊಂದೇ ಕಾರಣವೆಂದು ಪ್ರಮಾಣ ಮಾಡಿ ಹೇಳಲು ನನಗೆ ಆಗದು. ಬೇರೆ ಏನಾದರೂ ಇದ್ದಿರಬಹುದು. ಆದರೆ ಬೇರೆ ಏನನ್ನೂ ಯಾರೂ ಹುಡುಕಲಿಲ್ಲ — ಕಾರಣ ಆಗಲೇ ಸಿಕ್ಕಿತ್ತಲ್ಲ, ಜಲಜ ಉಗುಳುತ್ತಾಳೆ ಎಂದು. ಆ ಕಾರಣವನ್ನು ಹೌದೆಂದವಳು ನಾನು. ಆಮೇಲೆ ಲೈನ್ ಮನೆಗಳಲ್ಲಿ ನಿನಗೆ 'ಉಗುಳೋ ಜಲಜ' ಎಂದೇ ಹೆಸರಾಯಿತಂತೆ. ಬಾಣಂತನದಲ್ಲಿ ಶೇಖರ ದಿನಾ ಮಾತ್ರೆ ಕೊಟ್ಟು ನಾಲಿಗೆ ಎತ್ತಿಸಿ ನೋಡುತ್ತಿದ್ದನಂತೆ. ಮುಂದಿನ ಕೊಯ್ಲಿಗೆ ಮೊದಲೇ ನೀವು ಎಸ್ಟೇಟ್ ಬಿಟ್ಟು ಕಳಸದ ಕಡೆ ಹೋದಿರಿ.

ನಾನೇನು ಮಾಡಿದೆ ಗೊತ್ತೇ? — ಬರೆಯಲು ಕೈ ಹಿಂಜರಿಯುತ್ತದೆ — ನಿನ್ನನ್ನು ಪಾಠ ಮಾಡಿಕೊಂಡೆ. ಹೋದಲ್ಲೆಲ್ಲ, "ಒಬ್ಬ ಹೆಂಗಸಿದ್ದಳು, ನುಂಗಿದೆ ಎಂದು ದೇವರಾಣೆ ಹಾಕುತ್ತಿದ್ದಳು..." ಎಂದು ಶುರು ಮಾಡುತ್ತಿದ್ದೆ. ನಿನ್ನ 'ಕಪ್ಪಗೇ' ಎಂಬ ಮಾತು ಬಂದಾಗ ಸಭೆ ನಗುತ್ತಿತ್ತು. ನಗು ಬರುವ ಹಾಗೆಯೇ ನಾನು ಹೇಳುತ್ತಿದ್ದೆ. ಅದು ನಿಜವಾದ ಸಾಕ್ಷಿ, ಕಬ್ಬಿಣದ ಮಾತ್ರೆ ನುಂಗಿದವರಿಗೆ ಮಲ ಕಪ್ಪಗೇ ಹೋಗುತ್ತದೆ ಎಂಬುದು ಅಲ್ಲಿದ್ದ ಯಾರಿಗಿಂತಲೂ ನನಗೆ ಚೆನ್ನಾಗಿ ಗೊತ್ತಿತ್ತು.

ಈ ವರ್ಷ ಹೊರನಾಡಿನಿಂದ ಬರುತ್ತ ಕಳಸದ ಬಸ್ ನಿಲ್ದಾಣದಲ್ಲಿ ಇಳಿದಿದ್ದೆ. ನೀನೇ ಗುರುತು ಹಿಡಿದೆ. ಬಿಡದೆ ಮನೆಗೆ ಕರೆದುಕೊಂಡು ಹೋದೆ. ಮಗಳು ನಿನ್ನ ಎತ್ತರಕ್ಕೆ ಬಂದಿದ್ದಾಳೆ. ಶಾಲೆಯಲ್ಲಿ ರಜೆಗೆಂದು ಕೊಟ್ಟ ಕಬ್ಬಿಣದ ಮಾತ್ರೆ ಅವಳ ಕೈಯಲ್ಲಿತ್ತು. ನೀನು ನನಗೊಂದು ಲೋಟ, ಅವಳಿಗೊಂದು ಲೋಟ ಕಾಫಿ ಕೊಟ್ಟು, "ಕಾಫಿ ಜೊತೆ ನುಂಗು, ಆಗ ಮರೆಯಲ್ಲ. ಈ ಅಕ್ಕನೇ ನಂಗೆ ಹೇಳಿಕೊಟ್ಟಿದ್ದು" ಎಂದೆ.

"ಬೇಡ! ಕಾಫಿ ಜೊತೆ ಬೇಡ" — ನನಗರಿವಿಲ್ಲದೆ ಕೂಗಿಬಿಟ್ಟೆ. ನೀವಿಬ್ಬರೂ ನನ್ನನ್ನೇ ನೋಡಿದಿರಿ. ಆಗಲಾದರೂ... ಆಗಲೂ ಹೇಳಲಿಲ್ಲ. "ಮೈಗೆ ಹತ್ತಲ್ವಂತೆ. ಈಗ ಹೊಸದಾಗಿ ಗೊತ್ತಾಗಿದೆ" ಎಂದೆ.

"ಹೌದಾ ಅಕ್ಕ?" ನಿನ್ನ ಮುಖ ಅರಳಿತು. "ಹಂಗಾದ್ರೆ ನಾನು ಉಗುಳ್ಲಿಲ್ಲ ಅಂತ ಆಯ್ತಲ್ಲ! ಇವ್ರು ಬರ್ಲಿ, ಹೇಳ್ತೀನಿ. ಪಾಪ, ಆಗ ಯಾರಿಗೂ ಗೊತ್ತಿರ್ಲಿಲ್ಲ, ಅಲ್ವಾ?"

"ಗೊತ್ತಿರಲಿಲ್ಲ" ಎಂದು, ಕಾಫಿ ಪೂರ್ತಿ ಕುಡಿದು ಎದ್ದು ಬಂದೆ.

ಗೊತ್ತಿತ್ತು ಜಲಜ.

ಮುಂದಿನ ಸೋಮವಾರ ಆ ಎಸ್ಟೇಟಿನ ಮಸ್ಟರಿಗೆ ಹೋಗುತ್ತಿದ್ದೇನೆ. ರೈಟರಿಗೆ ಹೇಳಿದ್ದೇನೆ, ಕಾಫಿ ಕೊಡುವ ಮೊದಲು ನನಗೊಂದು ಮಾತಿದೆ ಎಂದು. ಅಂದು ನಕ್ಕವರಲ್ಲಿ ಎಷ್ಟು ಜನ ಉಳಿದಿದ್ದಾರೋ ಅವರೆದುರಿಗೆ, ಅದೇ ಕಣದಲ್ಲಿ ಹೇಳುತ್ತೇನೆ. ಅಲ್ಲಿಂದ ಕಳಸಕ್ಕೆ ಬರುತ್ತೇನೆ. ಶೇಖರನೂ ನಿನ್ನ ಮಗಳೂ ಕೂತಿರಲಿ. ಇದನ್ನು ಅವರೆದುರು ಓದುತ್ತೇನೆ. ಆಮೇಲೆ ನೀನು ನನ್ನನ್ನು ಏನೆಂದು ಕರೆದರೂ ಅದೇ ನನ್ನ ಹೆಸರು.

ಅಂದು ಕಣದಲ್ಲಿ ನೀನು ನನ್ನನ್ನು ಒಂದು ಮಾತು ಕೇಳಿದ್ದೆ. ಅದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಹೌದು ಜಲಜ, ನಾನು ನೋಡಿದ್ದೆ. ನೀನು ನುಂಗಿದ್ದೆ.