ಎರಡೂ ಕಡೆ ಕೆಂಪು

ಪಾಂಡವಪುರದಲ್ಲಿ ನಾನು ಗುಮಾಸ್ತೆಯಾಗಿದ್ದ ಕಚೇರಿಯ ಹಿಂದೆ, ಹಳೆಯ ಕಡತಗಳನ್ನು ಪೇರಿಸಿಟ್ಟ ಉದ್ದನೆಯ ಕೋಣೆಯಲ್ಲಿ, ಒಂದು ಟೇಬಲ್ ಟೆನಿಸ್ ಮೇಜಿತ್ತು. ತೊಂಬತ್ತರ ದಶಕದ ಮೊದಲ ವರ್ಷಗಳವು. ಐದೂವರೆಗೆ ಕಚೇರಿ ಮುಗಿದರೆ ಶ್ರೀರಂಗಪಟ್ಟಣದ ಕಡೆ ಹೋಗುವ ನನ್ನ ಬಸ್ಸಿಗೆ ಇನ್ನೂ ಒಂದು ಗಂಟೆ ಇರುತ್ತಿತ್ತು. ಆ ಒಂದು ಗಂಟೆ ನಾನು ಆಡುತ್ತಿದ್ದೆ. ಗಂಡಸರು ನನ್ನನ್ನು ಸೇರಿಸಿಕೊಂಡದ್ದೇನೂ ದೊಡ್ಡ ಮನಸ್ಸಿನಿಂದಲ್ಲ. ಅವರಲ್ಲೊಬ್ಬರಿಗೆ ವರ್ಗವಾಗಿ ಡಬಲ್ಸ್‌ಗೆ ಒಬ್ಬರು ಕಡಿಮೆ ಬಿದ್ದಿದ್ದರು, ಅಷ್ಟೆ. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಆಡಿದವಳು ನಾನು ಎಂದು ಗೊತ್ತಾದ ಮೇಲೂ ಯಾರೂ ಅದರ ಮಾತೆತ್ತಲಿಲ್ಲ.

ನನ್ನದು ಹೊಡೆಯುವ ಆಟವಲ್ಲ. ಮೇಜಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ಎದುರಿನವರು ಎಷ್ಟು ಜೋರಾಗಿ ಹೊಡೆದರೂ ಚೆಂಡನ್ನು ಅಡಿಯಿಂದ ಸವರಿ ಹಿಂದಕ್ಕೆ ಕಳಿಸುವ ಆಟ. ಅದಕ್ಕೆ ಬ್ಯಾಟಿನ ಒಂದು ಕಡೆ ಚೆಂಡನ್ನು ಹಿಡಿಯುವಂಥ ನುಣ್ಣನೆಯ ರಬ್ಬರು ಬೇಕು, ಇನ್ನೊಂದು ಕಡೆ ಸಣ್ಣ ಸಣ್ಣ ಗುಳ್ಳೆಗಳು ಮೇಲಕ್ಕೆದ್ದಿರುವ ರಬ್ಬರು. ಒಂದು ಕೆಂಪಗಿರಬೇಕು, ಇನ್ನೊಂದು ಕಪ್ಪಗಿರಬೇಕು. ಯಾವ ಕಡೆಯಿಂದ ಚೆಂಡು ಬರುತ್ತಿದೆಯೆಂದು ಎದುರಾಳಿಗೆ ತಿಳಿಯಲಿ ಎಂದು ಮಾಡಿದ ನಿಯಮ ಅದು. ಕಾಲೇಜಿನ ದಿನಗಳಿಂದ ಇದ್ದ ನನ್ನ ಬ್ಯಾಟಿನ ರಬ್ಬರು ಅಷ್ಟು ಹೊತ್ತಿಗೆ ಗಾಜಿನ ಹಾಗೆ ಜಾರತೊಡಗಿತ್ತು. ಗುಳ್ಳೆಗಳು ಅರ್ಧ ಉದುರಿಹೋಗಿದ್ದವು.

ಆ ವರ್ಷ ನೌಕರರ ಕ್ರೀಡಾಕೂಟ ನಾಗಮಂಗಲದಲ್ಲಿ ಎಂದು ಸುತ್ತೋಲೆ ಬಂತು. ನಮ್ಮ ಕಚೇರಿಯ ಮ್ಯಾನೇಜರು ತಾವೇ ಮೈಸೂರಿಗೆ ಹೋಗಿ ಎಲ್ಲರ ಬ್ಯಾಟಿಗೂ ಹೊಸ ರಬ್ಬರು ಹಾಕಿಸಿಕೊಂಡು ಬರುವುದಾಗಿ ಹೇಳಿದರು. ನಾನು ನನಗೆ ಬೇಕಾದ್ದನ್ನು ಚೀಟಿಯಲ್ಲಿ ಬಿಡಿಸಿ ಬರೆದು, ಬ್ಯಾಟಿನ ಜೊತೆಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ನನ್ನೆದುರೇ ಅದನ್ನು ಓದಿದರು. ಮಡಚಿ ಜೇಬಿಗೆ ಹಾಕಿಕೊಂಡರು.

ಸೋಮವಾರ ಬ್ಯಾಟು ಕೈಗೆ ಬಂತು. ಎರಡೂ ಕಡೆ ಕೆಂಪು. ಎರಡೂ ಕಡೆ ನುಣುಪು. ರಬ್ಬರಿನಡಿಯ ಸ್ಪಂಜು ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ.

"ಸಾರ್, ನಾನು ಬರೆದುಕೊಟ್ಟಿದ್ದು ಇದಲ್ಲ."

"ಗೊತ್ತಮ್ಮ, ಓದ್ದೆ. ಆ ಕರೀದು ಯಾಕೆ, ನೋಡಕ್ಕೂ ಚೆಂದಿಲ್ಲ. ಎರಡ್ ಕಡೆನೂ ಒಂದೇ ಬಣ್ಣ ಇದ್ರೆ ಲಕ್ಷಣ. ಆ ಗುಳ್ಳೆ ಪಳ್ಳೆ ಎಲ್ಲಾ ನಿಮ್ಗ್ಯಾಕೆ? ಹೆಣ್ಮಕ್ಳಿಗೆ ಇಷ್ಟು ಸಾಕು ಅಂತ ಅಂಗಡಿಯೋನೇ ಕೊಟ್ಟ."

ಪಕ್ಕದ ಮೇಜಿನ ಮೇಲೆ ಗಂಡಸರ ಬ್ಯಾಟುಗಳಿದ್ದವು. ಒಂದೊಂದಕ್ಕೂ ಅವರವರು ಕೇಳಿದ ರಬ್ಬರೇ ಬಂದಿತ್ತು. ಒಂದು ಕೆಂಪು, ಒಂದು ಕಪ್ಪು. ಅವರ ಲಕ್ಷಣದ ಬಗ್ಗೆ ಮ್ಯಾನೇಜರಿಗೆ ಯಾವ ಚಿಂತೆಯೂ ಇರಲಿಲ್ಲ.

ಮರೆತಿದ್ದರೆ ನಾನು ಕ್ಷಮಿಸುತ್ತಿದ್ದೆ. ಅಂಗಡಿಯಲ್ಲಿ ಸಿಗದಿದ್ದರೂ ಸರಿ. ಆದರೆ ಓದಿ, ಅರ್ಥ ಮಾಡಿಕೊಂಡು, ಇವಳಿಗೆ ಇದು ಬೇಡ ಎಂದು ನನ್ನ ಪರವಾಗಿ ತೀರ್ಮಾನಿಸಿದ್ದರು. ಇದನ್ನು ಹಿಡಿದು ಹೋದರೆ ಮೊದಲ ಪಂದ್ಯಕ್ಕೇ ನನ್ನನ್ನು ಹೊರಗೆ ಕಳಿಸುತ್ತಾರೆ ಎಂದೆ. "ನಮ್ ನೌಕರರ ಆಟದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ, ಬುಡಿ" ಎಂದು ಅವರು ಕಡತ ಎಳೆದುಕೊಂಡರು.

ಅರಕೆರೆಯ ನಮ್ಮ ಮನೆಯಲ್ಲಿ, ಅಂದು ಸಂಜೆ, ಜಗಲಿಯ ಮೇಲೆ ಕೂತು ಆ ಕೆಂಪು ರಬ್ಬರನ್ನು ಕಿತ್ತೆ. ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಬೇಕು. ನನ್ನ ಸಿಟ್ಟಿನಲ್ಲಿ ಎಳೆದ ರಭಸಕ್ಕೆ ಮರದ ಒಂದು ಸಿಬಿರೂ ಜೊತೆಗೇ ಕಿತ್ತುಬಂತು. ಆಗ ಅಳು ಬಂತು. ಕಬ್ಬಿನ ಗದ್ದೆಗೆ ನೀರು ಕಟ್ಟಿ ಬಂದ ಅಪ್ಪ ಕಾಲು ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ನಿಂಗ್ ಬೇಕಾದ್ದ ಅವ್ರ್ಯಾಕೆ ತರ್ಬೇಕು? ಭಾನ್ವಾರ ನಾನೂ ಮೈಸೂರ್ಗೆ ಓಗ್ಬೇಕು. ನಡಿ, ನೀನೇ ನೋಡಿ ತಕ" ಎಂದರು.

ಭಾನುವಾರ ಮೈಸೂರಿನಲ್ಲಿ, ಅಂಗಡಿಯವನು ನಮ್ಮನ್ನು ಕಂಡೊಡನೆ ಅಪ್ಪನ ಕಡೆ ತಿರುಗಿದ. "ಬನ್ನಿ ಯಜಮಾನ್ರೆ, ಯಾರಿಗೆ ಬೇಕಿತ್ತು?" ನನಗೆ ಎಂದೆ. ಅವನು ಅಪ್ಪನಿಗೇ ಕೇಳಿದ: "ಸುಮಾರಾಗಿರೋದು ಸಾಕಾ?" ಯಾವ ಸ್ಪಂಜು ಎಷ್ಟು ದಪ್ಪ ಇದೆ ಎಂದು ನಾನು ಕೇಳಿದೆ. ಅದಕ್ಕೂ ಉತ್ತರ ಅಪ್ಪನಿಗೇ ಹೋಯಿತು: "ಇವೆಲ್ಲ ಅವ್ರಿಗೆ ಗೊತ್ತಾಗಲ್ಲ ಯಜಮಾನ್ರೆ, ನೀವು ಹೇಳಿ."

ಅಪ್ಪ ಹೆಗಲ ಮೇಲಿನ ಟವಲನ್ನು ತೆಗೆದು ಗಲ್ಲಾದ ಮೇಲೆ ಇಟ್ಟರು. "ನೋಡಪ್ಪಾ, ನಾನು ಈ ಬ್ಯಾಟ ಇವತ್ತೇ ಕೈಲಿ ಇಡ್ದಿರೋದು. ಎಲ್ಡ್ ಕಿತ ಅವ್ಳು ಮಾತಾಡುದ್ಲು, ಎಲ್ಡ್ ಕಿತನೂ ನನ್ ಮಕ ನೋಡ್ದೆ. ಆಡೋಳು ಅವ್ಳು. ಅವ್ಳ್ ಜೊತೆ ಮಾತಾಡು, ಇಲ್ಲ ಬುಟ್ಬುಡು."

ಒಳಗೆ ಕಿಟಕಿಯ ಬಳಿ ಕೂತು ರಾಕೆಟ್ಟಿಗೆ ದಾರ ಹೆಣೆಯುತ್ತಿದ್ದ ವಯಸ್ಸಾದ ಸಾಬರೊಬ್ಬರು ಕೈಕೆಲಸ ನಿಲ್ಲಿಸಿ, "ಇಲ್ಲಿ ಬನ್ನಿ ಬೇಟಿ" ಎಂದು ಕರೆದರು. ಗಂಜಾಮಿನವರಂತೆ, ದಿನವೂ ಅಲ್ಲಿಂದ ಕೆಲಸಕ್ಕೆ ಬರುವವರು. ಯಾವುದು ಒಳ್ಳೆಯ ರಬ್ಬರು ಎಂದು ಅವರು ಹೇಳಲಿಲ್ಲ. ಮೇಜಿನ ಹತ್ತಿರ ನಿಲ್ಲುತ್ತೀರೋ ದೂರವೋ, ಎದುರಿನವರು ಹೊಡೆದರೆ ತಿರುಗಿ ಹೊಡೆಯುತ್ತೀರೋ ಕಾಯುತ್ತೀರೋ ಎಂದು ಕೇಳಿದರು. ನಾನು ಕೈ ಬೀಸಿ ತೋರಿಸಿದೆ. ಆ ಕೈಯನ್ನೇ ನೋಡಿ ತಲೆಯಾಡಿಸಿದರು.

ನಾಲ್ಕು ರಬ್ಬರು ಮುಂದಿಟ್ಟರು. ಹೆಬ್ಬೆರಳಿನಿಂದ ಒತ್ತಿ, ಎಷ್ಟು ಬೇಗ ಮೇಲೇಳುತ್ತದೆ ನೋಡಿ ಎಂದರು. ಚೆಂಡನ್ನು ಒತ್ತಿ ಎಳೆಯಿರಿ, ಹಿಡಿಯುತ್ತದೋ ಜಾರುತ್ತದೋ ನೋಡಿ ಎಂದರು. ದಪ್ಪ ಸ್ಪಂಜಿನದನ್ನು ನಾನು ಆಸೆಯಿಂದ ಎತ್ತಿಕೊಂಡಾಗ, "ಇದ್ರಲ್ಲಿ ಚೆಂಡು ಓಡುತ್ತೆ. ನಿಮ್ ಕೈ ನಿಲ್ಲಿಸೋ ಕೈ. ಆದ್ರೂ ನಿಮ್ ಮರ್ಜಿ" ಎಂದರು. ಯೋಚಿಸಿ ಕೆಳಗಿಟ್ಟೆ. ನಡುವಿನ ದಪ್ಪದ ಕೆಂಪು ನುಣುಪು, ಕಪ್ಪು ಬಣ್ಣದ ಉದ್ದ ಗುಳ್ಳೆಯದು, ಎರಡನ್ನೂ ನಾನೇ ಆರಿಸಿದೆ. ಅವರು ಕಿತ್ತುಹೋದ ಮರವನ್ನು ಉಜ್ಜಿ ಸಮ ಮಾಡಿ, ಅಂಟು ಬಳಿದು, ಒಣಗಲು ಬಿಟ್ಟು, ಗಾಜಿನ ಬಾಟಲಿ ಉರುಳಿಸಿ ಅಂಟಿಸಿ, ಅಂಚನ್ನು ಬ್ಲೇಡಿನಿಂದ ಕತ್ತರಿಸಿದರು. ಅಷ್ಟು ಹೊತ್ತೂ ಅಪ್ಪ ಸ್ಟೂಲಿನ ಮೇಲೆ ಕೂತು ಅವರ ಕೈಯನ್ನೇ ನೋಡುತ್ತಿದ್ದರು.

ನಾಗಮಂಗಲದಲ್ಲಿ ನನ್ನ ಎದುರಾಳಿ ಸಂತೆಬಾಚಹಳ್ಳಿ ಕಡೆಯಿಂದ ಬಂದ ನರ್ಸ್. ಉದ್ದನೆಯ ತೋಳು, ಜೋರು ಹೊಡೆತ. ಮೊದಲ ಆರು ಪಾಯಿಂಟುಗಳಲ್ಲಿ ಅವರ ನಾಲ್ಕು ಹೊಡೆತ ನೆಟ್ಟಿಗೆ ಬಿದ್ದವು. ಗುಳ್ಳೆಗೆ ತಗುಲಿದ ಚೆಂಡು ಅವರು ಎಣಿಸಿದ ಹಾಗೆ ಬರುತ್ತಿರಲಿಲ್ಲ. ಸುತ್ತ ನಿಂತವರಲ್ಲಿ ಯಾರೋ ಕೂಗಿದರು: "ಅದ್ಯಾವ್ದೋ ಮೋಸದ್ ಬ್ಯಾಟು ಸಾರ್, ಚೆಕ್ ಮಾಡಿ!"

ಅಂಪೈರು ಆಟ ನಿಲ್ಲಿಸಿ ನನ್ನ ಬ್ಯಾಟನ್ನು ಕಿತ್ತುಕೊಂಡು ತಿರುಗಿಸಿ ನೋಡಿದರು. ಗುಳ್ಳೆ ರಬ್ಬರು ನಡೆಯುವುದಿಲ್ಲ, ಬೇರೆ ಬ್ಯಾಟಿನಲ್ಲಿ ಆಡಿ ಎಂದರು. ಯಾವ ನಿಯಮದಲ್ಲಿದೆ, ಪುಸ್ತಕ ತೋರಿಸಿ ಎಂದೆ. ಪುಸ್ತಕವಿರಲಿಲ್ಲ. ಅಲ್ಲೇ ನಿಂತಿದ್ದ ನಮ್ಮ ಮ್ಯಾನೇಜರು, ನನ್ನ ಪರವಾಗಿ ಒಂದು ಮಾತಾಡಬೇಕಾದವರು, "ನಾನ್ ಬ್ಯಾಡ ಅಂತ್ಲೇ ಅಂದೆ ಸಾರ್, ಕೇಳ್ಲಿಲ್ಲ" ಎಂದರು.

"ಸಾರ್, ಇದು ಮೋಸವಾದರೆ ಬರೆದುಕೊಡಿ. ಯಾಕೆ, ಯಾವ ನಿಯಮ ಅಂತ ಬರೆದು ಸಹಿ ಹಾಕಿ. ಆಮೇಲೆ ನಾನು ಹೋಗುತ್ತೇನೆ" ಎಂದು ಮೇಜಿಗೆ ಒರಗಿ ನಿಂತುಬಿಟ್ಟೆ. ಸಹಿ ಎಂದೊಡನೆ ಅಂಪೈರು ಅತ್ತಿತ್ತ ನೋಡತೊಡಗಿದರು. ಮುಂದಿನ ಪಂದ್ಯದವರು ಗೊಣಗಿದರು. ಆಗ ಮೇಜಿನ ಆ ತುದಿಯಿಂದ ನರ್ಸ್ ಹೇಳಿದರು:

"ಆಡ್ಲಿ ಬುಡಿ ಸಾರ್. ಸೋತ್ರೆ ಸೋಲೋಳು ನಾನು. ನಾನೇ ಸುಮ್ನಿವ್ನಿ, ನಿಮ್ಗೆಲ್ಲಾ ಏನ್ ಕಷ್ಟ?"

ಆಡಿದೆವು. ಮೊದಲ ಗೇಮು ನನ್ನದು. ಎರಡನೆಯದರ ಹೊತ್ತಿಗೆ ಅವರು ಗುಳ್ಳೆಯ ಗುಟ್ಟು ಹಿಡಿದುಬಿಟ್ಟರು. ಜೋರಾಗಿ ಹೊಡೆಯುವುದು ಬಿಟ್ಟು, ಕಾದು, ಮೆಲ್ಲಗೆ ತಳ್ಳಿ, ನನ್ನನ್ನು ಮುಂದೆ ಹಿಂದೆ ಓಡಾಡಿಸಿದರು. ಮೂರನೆಯದರಲ್ಲಿ ಇಪ್ಪತ್ತು ಇಪ್ಪತ್ತು ಸಮವಾಗಿ, ಕೊನೆಗೆ ಎರಡು ಪಾಯಿಂಟಿನಿಂದ ಸೋತೆ.

ಟವಲು ಎತ್ತಿಕೊಳ್ಳುವಾಗ ಮ್ಯಾನೇಜರು ಹತ್ತಿರ ಬಂದರು. "ನಾನ್ ತಂದಿದ್ದೇ ಹಾಕಿದ್ರೆ ಗೆಲ್ತಿದ್ರಿ ಕಣಮ್ಮ."

"ಅದನ್ನು ಹಾಕಿದ್ದರೆ ಮೊದಲೇ ಹೊರಗೆ ಕಳಿಸಿರುತ್ತಿದ್ದರು ಸಾರ್. ಮತ್ತೆ ಇನ್ನು ಮೇಲೆ ನನ್ನ ಬ್ಯಾಟನ್ನು ನೀವು ಮುಟ್ಟಬೇಡಿ" ಎಂದೆ. ಮೇಲಧಿಕಾರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರೊಂದಿಗೆ ಕಚೇರಿಯ ಜೀಪಿನಲ್ಲಿ ವಾಪಸಾಗಲು ಮನಸ್ಸು ಒಪ್ಪದೆ ಬಸ್ ಸ್ಟ್ಯಾಂಡಿಗೆ ನಡೆದೆ.

ನರ್ಸ್ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಕೆ.ಆರ್. ಪೇಟೆಯ ಬಸ್ಸಿಗೆ ಕಾಯುತ್ತಿದ್ದರು. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನನ್ನ ಬ್ಯಾಟು ಕೇಳಿ ತೆಗೆದುಕೊಂಡು ಗುಳ್ಳೆಗಳ ಮೇಲೆ ಹೆಬ್ಬೆರಳಾಡಿಸಿದರು. "ಎಂಗೆ ಇದು? ಯಾಕೆ ಅಂಗ್ ತಿರುಗ್ತದೆ ಚೆಂಡು?" ಎಂದು ಕೇಳಿದರು. ಹೇಳತೊಡಗಿದೆ. ಅವರ ಬಸ್ಸು ಬಂದು ನಿಂತು, ಹೊರಟೂ ಹೋಯಿತು. "ಇನ್ನೊಂದ್ ಬತ್ತದೆ, ನೀವ್ ಹೇಳಿ" ಎಂದರು.