ಫ್ಯಾನ್ ಪೆಟ್ಟಿಗೆ ಒರೆಸಿದ ಕೈ

ಹೋದ ತಿಂಗಳು ನನ್ನ ಕೈ ಸದ್ದು ಮಾಡಿತು. ಕಟ್, ಕಟ್, ಕಟ್ ಎಂದು. ಕೇಳಿದವರಿದ್ದಾರೆ, ಬೇಕಾದರೆ ಸಾಕ್ಷಿ ಹೇಳುತ್ತಾರೆ. (ಊರೆಲ್ಲ ಹೇಳಿ ಬಂದಿದ್ದಾರೆ, ಅದೇ ತೊಂದರೆ.)

ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಸ ಗುಡಿಸುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಕಬ್ಬಿನ ಚೂರು ಇಳಿಯುವ ಎತ್ತರದ ಕೊಳವೆಗೆ ಒಂದು ಪೆಟ್ಟಿಗೆ ಕೂರಿಸಿದ್ದಾರೆ. ಒಳಗೆ ಎಷ್ಟು ತುಂಬಿದೆ ಎಂದು ಹೊರಗಿನಿಂದಲೇ ಅಳೆಯುವ ಪೆಟ್ಟಿಗೆ. ಮೇಲೊಂದು ಹಳದಿ ಚೀಟಿ, ಅದರಲ್ಲಿ ಮೂರು ರೆಕ್ಕೆಯ ಕರಿ ಚಿತ್ರ. ನಾವದನ್ನು ಫ್ಯಾನ್ ಪೆಟ್ಟಿಗೆ ಎನ್ನುತ್ತೇವೆ. ಸುತ್ತ ಸರಪಳಿ ಇದೆ, ಯಾರೂ ಹತ್ತಿರ ಹೋಗಬಾರದು.

ಆದರೆ ಯಂತ್ರಗಳಿಗೆಲ್ಲ ಪೂಜೆಯಾಗುವ ಖಂಡೆ ಪೂಜೆಯ ದಿನ ಯಾವ ಸರಪಳಿ? ಯಾರೋ ಅದಕ್ಕೂ ವಿಭೂತಿ, ಕುಂಕುಮ ಬಳಿದು ಚೆಂಡು ಹೂ ಸಿಕ್ಕಿಸಿದ್ದರು.

ಕಬ್ಬು ನುರಿಸುವ ಹಂಗಾಮು ಶುರುವಾಗುವ ಮುಂಚೆ ಸೂಪರ್‌ವೈಸರ್ ಶಂಕ್ರಪ್ಪ ಓಡಿ ಬಂದ. "ಆಯಿ, ನಾಳೆ ಪೆಟ್ಟಿಗಿ ತಪಾಸ ಮಾಡಾಕ ಸಾಹೇಬ್ರು ಬರ್ತಾರ. ಆ ಕುಂಕುಮ ನೋಡಿದ್ರ ನನ್ನ ಹಣಿಗೇ ಹಚ್ಚತಾರ. ಲಗೂನ ಒರಸಿ ಬಿಡು."

"ಸರಪಳಿ ಹಾಕ್ಯಾರಲ್ಲೋ?"

"ಈಗ ಕೆಲಸ ಬಂದ್ ಐತಿ, ಅದರ ಬಾಯಿ ಮುಚ್ಚೇತಿ. ಏನ ಆಗಂಗಿಲ್ಲ."

ಒದ್ದೆ ಅರಿವೆಯಿಂದ ಉಜ್ಜಿದೆ. ಪೆಟ್ಟಿಗೆ ಫಳಫಳ ಎಂದಿತು.

ಮರುದಿನ ಸಾಹೇಬರು ಬಂದರು. ತೆಳ್ಳಗಿನ, ನರೆಗೂದಲಿನ ಮನುಷ್ಯ. ಕೈಗವಸು ಹಾಕಿಕೊಂಡು, ಕಡ್ಡಿಯ ತುದಿಗೆ ಹತ್ತಿ ಸುತ್ತಿಕೊಂಡು ಪೆಟ್ಟಿಗೆಯ ಹತ್ತಿರ ಹೋದವರು ಅಲ್ಲೇ ನಿಂತರು.

"ಇದನ್ನ ಯಾರ ತೊಳದ್ರಿ?"

"ನಮ್ಮ ಆಯಿ ರೀ," ಎಂದ ಶಂಕ್ರಪ್ಪ. "ಹೆಂಗ ಹೊಳ್ಯಾಕತ್ತೈತಿ ನೋಡ್ರಿ."

ಸಾಹೇಬರು ಹಣೆ ಒತ್ತಿಕೊಂಡರು. ಆ ಪೆಟ್ಟಿಗೆಯೊಳಗೆ ಒಂದು ಚೂರು ವಿಕಿರಣದ ವಸ್ತು ಇದೆಯಂತೆ. ಉಕ್ಕಿನ ಕೋಶದಲ್ಲಿಟ್ಟು ಬೆಸುಗೆ ಹಾಕಿರುತ್ತಾರಂತೆ. ಬೆಸುಗೆ ಬಿಟ್ಟರೆ ಕಣ್ಣಿಗೆ ಕಾಣದಷ್ಟು ಪುಡಿ ಹೊರಗೆ ಬಂದು ಅಂಟುತ್ತದೆ. ಆಗಾಗ ಹತ್ತಿಯಿಂದ ಒರೆಸಿ, ಆ ಹತ್ತಿಯನ್ನು ಲ್ಯಾಬಿನಲ್ಲಿ ನೋಡಬೇಕು. ಸೋರಿಕೆ ಇಲ್ಲವೆಂದು ಬರೆದು ಬಂದರೆ ಮಾತ್ರ ಪೆಟ್ಟಿಗೆ ಪಾಸು. ಅದನ್ನು ಒರೆಸುವುದೇ ಅವರ ಕೆಲಸ. ಅವರಿಗಿಂತ ಮೊದಲು ನಾನು ಒರೆಸಿಬಿಟ್ಟಿದ್ದೆ.

"ನಾ ಹುಡುಕೂ ಪುಡಿ ಇದ್ದದ್ದ ಖರೆ ಆದ್ರ," ಎಂದರು, "ಈಗದು ಪೆಟ್ಟಿಗಿ ಮ್ಯಾಲಿಲ್ಲ. ಆಯಿ ಅರಿವ್ಯಾಗ ಐತಿ."

ಅರಿವೆ ಹುಡುಕಿ ತಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಪೆಟ್ಟಿಗೆಯ ಸಂದಿಗೊಂದಿಯಲ್ಲಿ ಹತ್ತಿ ಆಡಿಸಿ ಅದನ್ನೂ ಕಟ್ಟಿದರು. ಕೊನೆಗೆ ವಿಕಿರಣ ಅಳೆಯುವ ಒಂದು ಮಶಿನ್ ತೆಗೆದು ನನ್ನ ಅಂಗೈ ಮೇಲೆ ಹಿಡಿದರು. ಆಗಲೇ ಅದು ಕಟ್, ಕಟ್ ಎಂದದ್ದು.

ಬಾಗಿಲಲ್ಲಿ ನನ್ನ ಜೊತೆ ಕೆಲಸದ ಹೆಂಗಸರು ನಿಂತು ನೋಡುತ್ತಿದ್ದರು.

"ಹೆದರಬ್ಯಾಡ್ರಿ, ಇದು ಎಲ್ಲಾ ಕಡೆ ಹಿಂಗ ಅಂತೈತಿ. ಗ್ವಾಡಿಗೆ ಹಿಡದ್ರೂ ಅಷ್ಟ, ಗಾಳ್ಯಾಗ ಹಿಡದ್ರೂ ಅಷ್ಟ. ನಿಮ್ಮ ಕೈಯಾಗ ಏನಿಲ್ಲ," ಎಂದು ಗೋಡೆಗೆ ಹಿಡಿದು ತೋರಿಸಿದರು. ನಿಜ, ಗೋಡೆಯೂ ಕಟ್ ಎಂದಿತು. ಆದರೆ ಅಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು.

ಮೂಡಲಗಿಯ ನನ್ನ ಒಂದು ಕೋಣೆಯಲ್ಲಿ ನನ್ನ ಎದುರು ದನಿ ಎತ್ತುವುದು ಕುಕ್ಕರ್ ಒಂದೇ. ನನ್ನ ಇಡೀ ದಿನದ ಮಾತೆಲ್ಲ ಕಾರ್ಖಾನೆಯ ಬೇವಿನ ಮರದಡಿ, ಊಟದ ಹೊತ್ತಿಗೆ. ಬುತ್ತಿ ಬಿಚ್ಚಿ ನಡುವೆ ಇಡುತ್ತೇವೆ, ಯಾರ ಕೈ ಯಾರದರಲ್ಲೋ. ನನ್ನ ಗುರೆಳ್ಳು ಹಿಂಡಿ, ಅದೇ ಚಟ್ನಿಪುಡಿ, ಎಲ್ಲಕ್ಕಿಂತ ಮೊದಲು ಖಾಲಿ.

ಅಂದು ಕೈ ತೊಳೆದು ಹೋದರೆ ಎಲ್ಲರೂ ಒತ್ತಿಕೊಂಡು ಕೂತಿದ್ದರು, ಸಂದಿಲ್ಲ. "ಆಯಿ, ಇವತ್ತ ಆ ಕಡೆ ಕುಂಡ್ರು," ಎಂದಳು ನಾಗನೂರಿನ ಮಾದೇವಿ. "ಮನ್ಯಾಗ ಮೊಮ್ಮಗಳು ಸಣ್ಣಾಕಿ ಅದಾಳ."

ಆ ಕಡೆ ಕೂತೆ. ಸ್ವಲ್ಪ ಹೊತ್ತಿಗೆ ಸಾಹೇಬರೂ ಅಲ್ಲಿಗೇ ಬಂದರು.

"ನನ್ನ ಬಾಜೂ ಕುಂತ್ರ ಅಂಟತೈತಂತ್ರಿ," ಎಂದೆ.

"ಹುಕ್ಕೇರ್ಯಾಗ ನನ್ನ ಕೆಲಸ ಕೇಳಿ ಲಾಡ್ಜಿನಾಂವ ರೂಮ ಕೊಡ್ಲಿಲ್ಲವಾ. ನೀವರ ಜಾಗಾ ಕೊಡ್ರಿ." ಕೂತರು. ಹಿಂಡಿ ಹಾಕಿಸಿಕೊಂಡರು. ಇನ್ನೊಮ್ಮೆ ಕೇಳಿ ಹಾಕಿಸಿಕೊಂಡರು. ಎಲ್ಲ ಬಲ್ಲವರು ಅವರೊಬ್ಬರೇ, ತಿಂದವರೂ ಅವರೊಬ್ಬರೇ. ಊಟ ಮುಗಿಸಿ ಬಸ್ಸು ಹಿಡಿದು ಹೋದರು.

ಲ್ಯಾಬಿನ ಉತ್ತರಕ್ಕೆ ಕಾಯಬೇಕಿತ್ತು. ಆ ದಿನಗಳಲ್ಲಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. (ಲಾಭವೂ ಉಂಟು, ಕಾಲು ಚಾಚಿ ಕೂತೆ.) ಹಿಂಡಿ ಹೋದಷ್ಟೇ ತಿರುಗಿ ಬರುತ್ತಿತ್ತು. ಒಂದು ಸಂಜೆ ಕುಕ್ಕರಿಗೆ "ಸಾಕು, ಸುಮ್ಮನಿರು" ಎಂದೆ. ಬೆಳಗಿನಿಂದ ನಾನಾಡಿದ ಮೊದಲ ಮಾತು ಅದು. ದನಿ ನನ್ನದೇ ಎನಿಸಲಿಲ್ಲ.

ಕಡೆಗೆ ರಿಪೋರ್ಟ್ ಬಂತು. ಶಂಕ್ರಪ್ಪ ಎಲ್ಲರನ್ನೂ ನಿಲ್ಲಿಸಿ ಓದಿದ. ಪೆಟ್ಟಿಗೆ ಸೋರಿಲ್ಲ. ಅರಿವೆಯಲ್ಲೂ ಏನಿಲ್ಲ. "ಕೇಳಿದ್ರಿಲ್ಲೋ? ಇನ್ನ ಆಯಿನ್ನ ಕಾಡಬ್ಯಾಡ್ರಿ."

"ಬಾ ಆಯಿ, ತಪ್ಪ ತಿಳೀಬ್ಯಾಡ," ಎಂದು ಮಾದೇವಿಯೇ ಕರೆದಳು. ಸರಿದು ಜಾಗ ಬಿಟ್ಟರು. ಮೊದಲಿಗಿಂತ ತುಸು ಹೆಚ್ಚೇ ಬಿಟ್ಟರು.

ಡಬ್ಬಿ ತೆರೆದಿಟ್ಟೆ. ಮಾದೇವಿ ಒಂದು ಚಿಟಿಕೆ ಹಿಂಡಿ ತೆಗೆದು ರೊಟ್ಟಿಯ ಅಂಚಿಗೆ ಇಟ್ಟುಕೊಂಡಳು. ರೊಟ್ಟಿ ತಿಂದಳು. ಆ ಅಂಚನ್ನು ಮುರಿದು ಗುಬ್ಬಿಗಳಿಗೆ ಒಗೆದಳು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಖಾರ ಭಾಳ ಆಗೇತಿ, ಆಯಿ."

"ತಿನ್ನಲಾರದ ಹೆಂಗ ಗೊತ್ತಾತ?" ಎಂದೆ.

ಎಲ್ಲರೂ ತಮ್ಮ ತಮ್ಮ ಬುತ್ತಿಗೆ ಬಾಗಿದರು.

ಮಾದೇವಿ ಕೆಟ್ಟವಳಲ್ಲ. ನನಗೆ ಜ್ವರ ಬಂದಾಗ ನಾಗನೂರಿನಿಂದ ಗಂಜಿ ಹೊತ್ತು ತಂದವಳು. ಅವಳ ಮನೆಯಲ್ಲಿ ಮಗು ಇದೆ, ರಿಪೋರ್ಟ್ ಇಂಗ್ಲಿಷಿನಲ್ಲಿದೆ, ಮಶಿನ್ ನನ್ನ ಕೈ ಮೇಲೆ ಸದ್ದು ಮಾಡಿದ್ದನ್ನು ಅವಳು ತನ್ನ ಕಿವಿಯಾರೆ ಕೇಳಿದ್ದಾಳೆ. ಯಾವುದನ್ನು ನಂಬಬೇಕು ಅವಳು? ನಾನಂತೂ ದಿನಾ ಹಿಂಡಿ ಒಯ್ಯುತ್ತಿದ್ದೇನೆ, ನಡುವೆ ಇಡುತ್ತಿದ್ದೇನೆ.

ನೀವಾಗಿದ್ದರೆ ತಿನ್ನುತ್ತಿದ್ದಿರಾ? ಖರೆ ಹೇಳಿ.