ಮಾಳಿಗೆ ಹತ್ತಿದ ಮುಂದಿನ ಹಲ್ಲು

ದೋರನಹಳ್ಳಿಯ ನಮ್ಮ ಮನೆಯಲ್ಲಿ ನನ್ನ ಅಣಕಕ್ಕೆ ಸಿಗದವರಿಲ್ಲ. ಅಂದು ಬೆಳಿಗ್ಗೆ ಆಯಿಯ ಸರದಿ. ಆಯಿ ನಮ್ಮಪ್ಪನ ತಾಯಿ, ಬೊಚ್ಚುಬಾಯಿ ಮುದುಕಿ. ಅವಳು ತಂಬಿಗೆ ಎತ್ತಿ ಗಟಗಟ ನೀರು ಕುಡಿಯುವ ಚಂದವನ್ನು ನಾನು ಕಣ್ಣು ಮುಚ್ಚಿ ಮಾಡಿ ತೋರಿಸುತ್ತಿದ್ದೆ. ಅದೇ ಹೊತ್ತಿಗೆ ವೈನಿ, ಅಂದರೆ ಅಣ್ಣನ ಹೆಂಡತಿ, ತುಂಬಿದ ಕೊಡ ಹೊತ್ತು ಒಳಗೆ ಬಂದರು. ಕೊಡ ತಂಬಿಗೆಗೆ ಬಡಿಯಿತು, ತಂಬಿಗೆ ನನ್ನ ಬಾಯಿಗೆ. ಮುಂದಿನ ಹಲ್ಲೊಂದು ಬೇರುಸಹಿತ ನೆಲಕ್ಕೆ!

"ಅಯ್ಯ, ಈಗ ಖರೇ ಆಯಿ ಆದ್ಯಲ್ಲೋ!" ಎಂದು ನಕ್ಕ ವೈನಿ, ರಕ್ತ ನೋಡಿದ್ದೇ ಫೋನು ಹುಡುಕತೊಡಗಿದರು.

ಮುಂದಿನ ತಿಂಗಳು ಯಾದಗಿರಿಯ ಕಾಲೇಜಿನಲ್ಲಿ ಮಿಮಿಕ್ರಿ ಸ್ಪರ್ಧೆ. ನಾನು ಕನ್ನಡಿ ಮುಂದೆ ನಿಂತು ಕಂಡಕ್ಟರನ ದನಿ ತೆಗೆದೆ, ಪ್ರಿನ್ಸಿಪಾಲರ ದನಿ ತೆಗೆದೆ. ಸಂದಿಯಲ್ಲಿ ಗಾಳಿ ಸೋರಿ ಎಲ್ಲರೂ ಆಯಿಯೇ ಆಗಿಬಿಟ್ಟರು.

ಅಷ್ಟರಲ್ಲಿ ಶಹಾಪುರದ ಹಲ್ಲಿನ ಡಾಕ್ಟರು ಫೋನಿನಲ್ಲಿ ಒದರುವುದು ಕೇಳಿಸಿತು: "ಬೇರು ಮುಟ್ಟಬ್ಯಾಡ್ರಿ, ತಿಕ್ಕಬ್ಯಾಡ್ರಿ! ಹಾಲಿನ್ಯಾಗ ಹಾಕ್ಕೊಂಡು ಲಗೂ ಬರ್ರಿ, ಮತ್ತ ಕೂಡಸ್ತೀನಿ!"

ಬಿದ್ದ ಹಲ್ಲು ಮತ್ತೆ ಕೂಡುತ್ತದೆಯೇ! ನಾನು ಕುಣಿದು ಬಂದೆ. ನೆಲದ ಮೇಲೆ ಹಲ್ಲಿಲ್ಲ.

"ಮಾಳಿಗಿ ಮ್ಯಾಗ ಒಗದೀನಿ," ಎಂದಳು ಆಯಿ ತಣ್ಣಗೆ. "ಹೊಸಾದು ಬರ್ತದ, ತಡಿ."

ಮಕ್ಕಳ ಹಲ್ಲು ಬಿದ್ದರೆ ಸೆಗಣಿಯಲ್ಲಿಟ್ಟು ಮಾಳಿಗೆಗೆ ಎಸೆಯುವುದು ನಮ್ಮ ಪದ್ಧತಿ. ಈಗ ಮನೆಯಲ್ಲಿ ಆಕಳಿಲ್ಲ. ಆಯಿ ರೊಟ್ಟಿಗೆ ನಾದಿದ ಹಿಟ್ಟಿನ ಉಂಡೆಯಲ್ಲಿ ಇಟ್ಟು ಎಸೆದಿದ್ದಳು.

"ಅದು ಸಣ್ಣ ಹುಡುಗರ ಹಲ್ಲಿಗೆ, ಆಯಿ! ನಂಗ ಹತ್ತೊಂಬತ್ತು!"

"ವಯಸ್ಸಿಗಿ ಹತ್ತೊಂಬತ್ತು, ಬುದ್ಧಿಗಿ ಆರು. ಬರ್ತದ ಬಿಡು."

ಏಣಿ ಹತ್ತಿದೆ. ಕಾಗೆಯೊಂದು ಉಂಡೆಯನ್ನು ಕುಕ್ಕುತ್ತಿತ್ತು! ಹದ್ದಿನ ಕೂಗು ನನ್ನ ಹೆಸರಾಂತ ಐಟಂ. ಜೀವ ಬಿಟ್ಟು ಕೂಗಿದೆ. ಬರೀ ಗಾಳಿ, ಉಗುಳು. ಕಾಗೆ ಕತ್ತು ಓರೆ ಮಾಡಿ, ಇವನ್ಯಾರಪ್ಪ ಎಂಬಂತೆ ನೋಡಿತು. ಕೊನೆಗೆ ಚಪ್ಪಲಿ ಎಸೆದೆ, ಹಾರಿತು. ಅರ್ಧ ಉಂಡೆ ಉಳಿದಿತ್ತು. ಅದರೊಳಗೆ ಒದ್ದೆಯಾಗಿ, ಬೆಳ್ಳಗೆ, ನನ್ನ ಹಲ್ಲು!

ಸ್ಟೀಲ್ ಡಬ್ಬಿಯ ಹಾಲಿನಲ್ಲಿ ಹಲ್ಲು, ವೈನಿಯ ಸ್ಕೂಟಿ ಹಿಂದೆ ನಾನು. ಡಾಕ್ಟರು ಅದನ್ನು ತೊಳೆದು, ಅದರ ಜಾಗಕ್ಕೇ ಒತ್ತಿ, ಪಕ್ಕದ ಹಲ್ಲುಗಳಿಗೆ ತಂತಿಯಿಂದ ಬಿಗಿದರು.

"ಒಳಗಿನ ನರ ಹೋತು, ಅದನ್ನ ತೆಗದು ತುಂಬ್ತೀನಿ. ಆದ್ರ ಬೇರಿಗಿ ಹತ್ತಿದ ಸಣ್ಣ ಸಣ್ಣ ಎಳಿ ಜೀವಂತ ಇದ್ರ, ಅವು ಮತ್ತ ಬೆಳದು ಎಲುಬಿಗಿ ಹಿಡೀತಾವ. ಹಿಡದ್ರ ನಿನ್ನ ನಸೀಬು."

ಎರಡು ವಾರ ನಾಲಗೆ ಅಲ್ಲಿಗೇ ಓಡುತ್ತಿತ್ತು. ತಂತಿ ಬಿಚ್ಚುವ ದಿನ ಆಯಿಯೂ ಬಂದಳು. ತಪ್ಪು ತನ್ನದೆಂದು ಒಪ್ಪಲಿಲ್ಲ, ಡಾಕ್ಟರನ್ನೇ ವಿಚಾರಿಸಿದಳು: "ನನ್ನವೂ ಚಿಗುರ್ತಾವೇನ್ರಿ?"

"ಹೊಸಾ ಹಲ್ಲು ಬೆಳಿಯೋ ಔಷಧ ಹುಡುಕಾಕತ್ತಾರ, ಯವ್ವಾ. ಇನ್ನೂ ಕೈಗಿ ಬಂದಿಲ್ಲ."

"ಬಂದ್ರ ಮೊದಲ ನಂಗ ಹೇಳ್ರಿ."

ಡಾಕ್ಟರು ತಂತಿ ಬಿಚ್ಚಿ ಹಲ್ಲನ್ನು ಅತ್ತಿತ್ತ ಅಲುಗಿಸಿ ನೋಡಿದರು. ಕದಲಲಿಲ್ಲ! ನಾನು ತಡೆಯಲಾರದೆ ಅವರದೇ ದನಿಯಲ್ಲಿ, "ಹಿಡದ್ರ ನಿನ್ನ ನಸೀಬು! ಲಗೂ ಬರ್ರಿ!" ಎಂದೆ. ಒಂದಕ್ಷರವೂ ಸೋರಲಿಲ್ಲ.

ಹೊರಗೆ ಕಾದು ಕುಳಿತಿದ್ದವರೊಬ್ಬರು ಬಾಗಿಲಲ್ಲಿ ತಲೆ ಹಾಕಿದರು: "ಕರದ್ರೇನ್ರಿ, ಡಾಕ್ಟ್ರ?"